ಬೀದಿ ಕೋಣೆಯ ಕೂಸುಗಳು

ಮದ್ದೂರಿನ ನಮ್ಮ ಮನೆಗೆ ಇದ್ದದ್ದು ಮೂರು ಕೋಣೆ. ಬೀದಿಗೆ ಕಿಟಕಿಯಿದ್ದ ಮುಂದಿನ ಕೋಣೆ, ಅದರ ಹಿಂದೆ ನಡುಮನೆ, ಆಮೇಲೆ ಅಡುಗೆಮನೆ. ಹಿತ್ತಿಲಲ್ಲಿ ಬಚ್ಚಲು, ಒಂದು ನುಗ್ಗೆ ಮರ, ಮರಕ್ಕೆ ಕಟ್ಟಿದ ಎಮ್ಮೆ. ಅಪ್ಪ, ಅವ್ವ, ನಾನು, ಮೂರೇ ಜನಕ್ಕೆ ಇಷ್ಟು ಧಾರಾಳವಾಗಬೇಕಿತ್ತು. ಆದರೆ ಪರೀಕ್ಷೆ ಹತ್ತಿರ ಬಂದಾಗಲೆಲ್ಲ ನಾನು ಪುಸ್ತಕ ಹಿಡಿದುಕೊಂಡು ಹೋಗಿ ಕೂರುತ್ತಿದ್ದದ್ದು ಎಮ್ಮೆಯ ಪಕ್ಕದಲ್ಲಿ. ಯಾಕೆಂದರೆ ಬೀದಿ ಕೋಣೆ ಸಂಘದ್ದು. ಅಲ್ಲಿ ಎರಡು ಬೆಂಚು, ಗೋಡೆಗೆ ಒರಗಿಸಿದ ಬಾವುಟದ ಕೋಲುಗಳು, ಮೂಲೆಯಲ್ಲಿ ಕಟ್ಟಿಟ್ಟ ಕಾಗದಗಳು, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಬೀಡಿ ತುಂಡುಗಳು. ನಡುಮನೆ ಸಂಘಕ್ಕೆ ಬಂದವರ ಊಟದ ಜಾಗ. ಅಡುಗೆಮನೆ ಅವ್ವನದು ಅಂತ ಹೆಸರಿಗೆ ಮಾತ್ರ. ಅಲ್ಲಿ ಏನು ಬೇಯಬೇಕು, ಎಷ್ಟು ಬೇಯಬೇಕು ಅಂತ ತೀರ್ಮಾನ ಆಗುತ್ತಿದ್ದದ್ದು ಬೀದಿ ಕೋಣೆಯಲ್ಲಿ.

ಅಪ್ಪ ಹೊಳೆ ದಾರಿಯ ದೊಡ್ಡ ಅಕ್ಕಿ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದವರು. ಮೂಟೆ ಹೊರುವವರು, ಹೊಟ್ಟು ತುಂಬುವವರು, ಕಣದಲ್ಲಿ ಭತ್ತ ಒಣಗಿಸುವ ಹೆಂಗಸರು, ಎಲ್ಲರನ್ನೂ ಸೇರಿಸಿ ಸಂಘ ಕಟ್ಟಿದ್ದು ಅವರೇ. ಊರಲ್ಲಿ ಅವರನ್ನು ಪುಟ್ಟಸ್ವಾಮಣ್ಣ ಅನ್ನುವವರಿಗಿಂತ ಲೀಡ್ರು ಅನ್ನುವವರೇ ಹೆಚ್ಚು. ನಾನು ಸ್ಕೂಲಿಗೆ ಹೋಗುವ ದಾರಿಯಲ್ಲಿ ಗೊತ್ತಿಲ್ಲದವರೂ ನಿಲ್ಲಿಸಿ, 'ಲೀಡ್ರು ಮಗಳಲ್ವಾ? ಪುಣ್ಯ ಮಾಡಿದ್ದೆ ಕಣವ್ವ' ಅನ್ನುತ್ತಿದ್ದರು. ನನಗೆ ರೇಗುತ್ತಿತ್ತು. ಇವರಲ್ಲಿ ಒಬ್ಬರಾದರೂ ಒಂದು ವಾರ ನಮ್ಮ ಮನೆಯಲ್ಲಿದ್ದು ಹೋಗಲಿ ಅನ್ನಿಸುತ್ತಿತ್ತು.

ಅಪ್ಪ ಒಬ್ಬರೇ ಊಟಕ್ಕೆ ಬಂದದ್ದನ್ನು ನಾನು ಕಂಡೇ ಇರಲಿಲ್ಲ. ಅವರ ಸೈಕಲ್ಲು ಬೀದಿ ತಿರುವಿಗೆ ಬರುವಾಗಲೇ ಅವ್ವ ಒಲೆಯ ಮುಂದೆ ಕೂತು ಕಿವಿಗೊಟ್ಟು ದನಿಗಳನ್ನು ಎಣಿಸುತ್ತಿದ್ದಳು. ನಾಲ್ಕು ದನಿ ಅಂದರೆ ಇನ್ನೊಂದು ಪಾವು ಹಿಟ್ಟು ಸುರಿಯಬೇಕು. ಆರಾದರೆ ಉಪ್ಸಾರಿಗೆ ಇನ್ನೊಂದು ಚೊಂಬು ನೀರು. ರಾಗಿ ಬರುತ್ತಿದ್ದದ್ದು ಹಲಗೂರಿನ ಹತ್ತಿರ ಹೊಲ ಮಾಡಿಕೊಂಡಿದ್ದ ಸೋದರಮಾವನಿಂದ. ಅವನು ಬಸ್ಸಿನ ಮೇಲೆ ಚೀಲ ಹಾಕಿ ಕಳಿಸುತ್ತಿದ್ದ. ಅದು ಇಂತಿಷ್ಟು ತಿಂಗಳಿಗೆ ಅಂತ ಅವ್ವ ಲೆಕ್ಕ ಹಾಕುತ್ತಿದ್ದಳು, ಅರ್ಧ ಕಾಲಕ್ಕೇ ಮುಗಿಯುತ್ತಿತ್ತು. ಅಪ್ಪ ಅಡುಗೆಮನೆ ಬಾಗಿಲಿಗೆ ತಲೆ ಹಾಕಿ ಅನ್ನುವ ಮಾತು ಒಂದೇ:

'ಲೇ ಸಾಕಮ್ಮ, ಒಸಿ ಮುದ್ದೆ ಜಾಸ್ತಿ ಕಟ್ಟು. ಪಾಪ, ಬೆಳಗ್ಗೆಯಿಂದ ಉಂಡಿಲ್ಲ.'

'ನಾವು ಉಂಡಿದ್ದೀವಾ ಅಂತ ಕೇಳಿದ್ರಾ?'

'ಮನೇಲಿರೋರಿಗೆ ಏನು ಬರ?' ಅಂದು ಅಪ್ಪ ನಗುತ್ತಾ ಹೊರಟುಹೋಗುತ್ತಿದ್ದರು. ಆ ನಗು ಊರಿಗೆಲ್ಲ ಚೆಂದ. ಒಲೆಯ ಮುಂದೆ ಕೂತವಳಿಗೆ ಅಲ್ಲ.

ಒಂದು ಮಾರ್ಲಮಿ ಹಬ್ಬ ನೆನಪಿದೆ. ತಾತನಿಗೆ ಎಡೆ ಇಡುವ ದಿನ. ಅವ್ವ ಬೆಳಗಾಗೆದ್ದು ನೆಲ ಸಾರಿಸಿ, ಮಾಂಸದ ಸಾರು, ಒತ್ತು ಶಾವಿಗೆ, ಕಜ್ಜಾಯ ಎಲ್ಲ ಮಾಡಿ, ನಡುಮನೆಯಲ್ಲಿ ಬಾಳೆಲೆ ಹಾಸಿ, ತಾತನ ಪಂಚೆ ಮಡಿಸಿಟ್ಟು ಕಾದಳು. ಎಡೆಗೆ ಕೈಮುಗಿಯಬೇಕಾದವರು ಮಗ. ಮಗ ಮಿಲ್ಲಿನ ಗೇಟಿನಲ್ಲಿ ಯಾರನ್ನೋ ಕೆಲಸದಿಂದ ತೆಗೆದಿದ್ದಾರೆ ಅಂತ ಕೂತಿದ್ದರು. ಹೊತ್ತು ನೆತ್ತಿಗೇರಿ ಇಳಿಯಿತು. ಎಲೆಯ ಅಂಚು ಬಾಡಿ ಸುರುಳಿ ಸುತ್ತಿಕೊಂಡಿತು. ನಾನು ಹಸಿವಿನಿಂದ ಅಳುವುದಕ್ಕೇ ಶುರುಮಾಡಿದ ಮೇಲೆ ಅಪ್ಪ ಬಂದರು, ಹಿಂದೆ ಎಂಟು ಜನ. ಕೈಕಾಲು ತೊಳೆದು, ಎಡೆಗೆ ಅಡ್ಡಬಿದ್ದು ಎದ್ದು, 'ಅಪ್ಪಯ್ಯನಿಗೆ ಜನ ಅಂದ್ರೆ ಪ್ರಾಣ. ಎಲ್ರೂ ಕೂತ್ಕಳಿ' ಅಂದರು. ಅವ್ವನ ಪಾಲಿಗೆ ಆವತ್ತು ಉಳಿದದ್ದು ಪಾತ್ರೆಯ ತಳದ ಸಾರು. ಅದರಲ್ಲಿ ಒಂದು ಚೂರು ಮಾಂಸವೂ ಇರಲಿಲ್ಲ. ಅವಳು ಅದನ್ನು ನೆನಪಿಟ್ಟುಕೊಂಡು ಎಷ್ಟೋ ವರ್ಷ ಆಡಿದಳು. ಆಡಲಿ, ನ್ಯಾಯವೇ ಅದು.

ನನ್ನ ಪಾಲಿಗೆ ಬಂದದ್ದು ಬರವಣಿಗೆ. ನನ್ನ ಅಕ್ಷರ ದುಂಡಗಿದೆ ಅಂತ ಮೇಷ್ಟ್ರು ಹೇಳಿದ್ದೇ ತಪ್ಪಾಯಿತು. ಆರನೇ ಕ್ಲಾಸಿನಿಂದ ಸಂಘದ ಅರ್ಜಿಗಳೆಲ್ಲ ನನ್ನ ಕೈಯಲ್ಲೇ. ಆಟಕ್ಕೆ ಅಂತ ಹೊಸ್ತಿಲು ದಾಟುವಾಗ ಬೀದಿ ಕೋಣೆಯಿಂದ ಕೂಗು ಬರುತ್ತಿತ್ತು. 'ಸುಸೀಲಾ, ಬಾರಮ್ಮಿ ಇಲ್ಲಿ, ಒಂದೇ ಒಂದು ಕಾಗದ.' ಆ ಒಂದು ಮುಗಿಯುವ ಹೊತ್ತಿಗೆ ಗೆಳತಿಯರ ಆಟ ಮುಗಿದಿರುತ್ತಿತ್ತು. ಅಪ್ಪ ಅತ್ತಿಂದಿತ್ತ ಓಡಾಡುತ್ತಾ 'ಮಾನ್ಯರೇ, ತಮ್ಮ ಸನ್ನಿಧಾನದಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಅಂತ ಶುರುಮಾಡಿ, ಅರ್ಧದಲ್ಲಿ ಸಿಟ್ಟು ಬಂದು, 'ಆ ಸಾವ್ಕಾರನಿಗೆ ನಾಚ್ಕೆ ಆಗೋ ಅಂಗೆ ಬರಿ ಅದನ್ನ' ಅನ್ನುತ್ತಿದ್ದರು. ನಾಚಿಕೆ ಆಗುವ ಹಾಗೆ ಬರೆಯುವುದು ಹೇಗೆ ಅಂತ ನಮಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಸಂಕ್ರಾಂತಿ ಕಳೆದು ಮಿಲ್ಲಿಗೆ ಭತ್ತದ ಗಾಡಿಗಳು ಸಾಲುಗಟ್ಟಿದ್ದ ಕಾಲದಲ್ಲಿ, ಒಂದು ಸಂಜೆ ಕಾಳಮ್ಮ ಬಂದಳು. ಕಣದಲ್ಲಿ ಭತ್ತ ಹರಡುವ ಹೆಂಗಸರಲ್ಲಿ ಒಬ್ಬಳು. ಅವರು ಯಾರೂ ಬೀದಿ ಕೋಣೆಗೆ ಬರುತ್ತಿರಲಿಲ್ಲ, ಗಂಡಸರು ತುಂಬಿರುತ್ತಾರೆ ಅಂತ. ಹಿತ್ತಿಲ ಬಾಗಿಲಿಂದ ಬಂದು ಅವ್ವನ ಹತ್ತಿರ ಹೇಳಿ ಹೋಗುತ್ತಿದ್ದರು. ಕಾಳಮ್ಮನ ಸೊಂಟದಲ್ಲಿ ನಾಲ್ಕು ತಿಂಗಳ ಕೂಸು. ಅವಳು ಕೂರಲೂ ಇಲ್ಲ. ನಿಂತೇ ಹೇಳಿದಳು. ಕಣದಲ್ಲಿ ಎಲ್ಲೂ ನೆರಳಿಲ್ಲ. ಮಧ್ಯಾಹ್ನದ ಬಿಸಿಲಿಗೆ ಮೂರು ಕೂಸುಗಳನ್ನು ನಿಂತಿದ್ದ ಲಾರಿಯ ಕೆಳಗೆ ಗೋಣಿ ಹಾಸಿ ಮಲಗಿಸಿದ್ದರು. ಡ್ರೈವರ್ರು ಊಟ ಮುಗಿಸಿ ಬಂದು, ನೋಡದೆ, ಲಾರಿ ಎತ್ತಿದ. ಇವಳು ಕಿರುಚಿದ್ದಕ್ಕೆ ನಿಲ್ಲಿಸಿದ. ಚಕ್ರಕ್ಕೂ ಕೂಸಿನ ತಲೆಗೂ ಗೇಣು ಜಾಗ ಇತ್ತು.

'ಇಷ್ಟೇ ಅಕ್ಕ' ಅಂದು ಗೇಣು ತೋರಿಸಿದಳು. 

ಅವ್ವ ಬೀದಿ ಕೋಣೆಗೆ ಹೋಗಿ ಅಪ್ಪನನ್ನು ಕರೆತಂದಳು. ಅಪ್ಪ ಎಲ್ಲ ಕೇಳಿ, ಕೂಸಿನ ತಲೆ ನೇವರಿಸಿ, ಕಣ್ಣಲ್ಲಿ ನೀರು ಹಾಕಿಕೊಂಡರು. ಅದು ನಾಟಕ ಅಲ್ಲ. ಅವರಿಗೆ ನಿಜವಾಗಿಯೂ ಅಳು ಬರುತ್ತಿತ್ತು, ಅದೇ ಅವರ ಜೊತೆ ಬಾಳುವುದರ ಕಷ್ಟ. ಆಗಲೇ ನನ್ನನ್ನು ಕೂರಿಸಿ, ಸಾಹುಕಾರರಿಗೆ ಕೊಡಲಿದ್ದ ಬೇಡಿಕೆ ಪಟ್ಟಿಗೆ ಐದನೆಯದನ್ನು ಸೇರಿಸಿದರು. ಕಣದ ಹೆಂಗಸರ ಕೂಸುಗಳಿಗೆ ನೆರಳಿಗೊಂದು ಶೆಡ್ಡು, ಕುಡಿಯುವ ನೀರು. 'ಇದನ್ನ ದಪ್ಪ ಅಕ್ಷರದಾಗೆ ಬರಿ' ಅಂದರು. ಬರೆದೆ.

ಸಾಹುಕಾರರು ಒಪ್ಪಲಿಲ್ಲ. ಮಿಲ್ಲು ಒಂಬತ್ತು ದಿನ ನಿಂತಿತು. ಆ ಒಂಬತ್ತು ದಿನ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಹಿತ್ತಿಲಲ್ಲಿ ಕಲ್ಲು ಹೂಡಿ ದೊಡ್ಡ ಒಲೆ. ಎಮ್ಮೆಯ ಹಾಲೆಲ್ಲ ಕೂಸುಗಳಿಗೆ. ಮಾವ ಕಳಿಸಿದ್ದ ರಾಗಿ ತಳ ಕಂಡಿತು. ಅವ್ವನ ಜೊತೆ ಕಣದ ಹೆಂಗಸರು ಕೂತು ಸೊಪ್ಪು ಬಿಡಿಸಿದರು, ಹಿಟ್ಟು ತೊಳಸಿದರು, ಗೇಟಿನಲ್ಲಿ ಕೂತ ಗಂಡಸರಿಗೆ ಹೊತ್ತುಕೊಂಡು ಹೋಗಿ ಬಡಿಸಿದರು. ನಾನು ಕಣಕ್ಕಿಂತ ಹೆಚ್ಚು ಬಿಸಿಯಾಗಿದ್ದ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ, ಇದು ಗೆಲ್ಲುವುದಾದರೆ ಬೇಗ ಗೆಲ್ಲಲಿ, ಸೋಲುವುದಾದರೆ ಇನ್ನೂ ಬೇಗ ಸೋಲಲಿ ಅಂದುಕೊಳ್ಳುತ್ತಿದ್ದೆ.

ಹತ್ತನೆಯ ದಿನ ಬೆಳಗ್ಗೆ ಅಪ್ಪನನ್ನು ಹಾರ ಹಾಕಿ, ಹೆಗಲ ಮೇಲೆ ಕೂರಿಸಿಕೊಂಡು ತಂದರು. ಕೂಲಿ ಏರಿತ್ತು, ವಾರಕ್ಕೊಂದು ರಜ ಸಿಕ್ಕಿತ್ತು, ಇನ್ನೂ ಎರಡು ಬೇಡಿಕೆ ಈಡೇರಿದ್ದವು. ಬೀದಿ ಕೋಣೆಯಲ್ಲಿ ಜೈಕಾರ. ಒಪ್ಪಂದದ ಕಾಗದ ಕೈಯಿಂದ ಕೈಗೆ ಹೋಗಿ ಬಂದು ಕೊನೆಗೆ ನನ್ನ ಕೈಗೆ ಬಂತು, ಕಟ್ಟಿನಲ್ಲಿ ಇಡು ಅಂತ. ಅಷ್ಟರಲ್ಲಿ ಕಾಳಮ್ಮ ಹಿತ್ತಿಲ ಬಾಗಿಲಿಗೆ ಬಂದಿದ್ದಳು. ಅವಳ ಹಿಂದೆ ಇನ್ನೂ ನಾಲ್ಕೈದು ಜನ.

'ನಮ್ದು ಓದವ್ವ' ಅಂದಳು.

ಓದಿದೆ. ಒಂದು, ಎರಡು, ಮೂರು, ನಾಲ್ಕು. ನಿಲ್ಲಿಸಿದೆ.

'ಮುಂದಕ್ಕೆ?'

'ಮುಂದಕ್ಕೆ ಸಹಿ.'

'ಸಹಿ ಮ್ಯಾಕೆ ಏನದೆ, ಸರಿಯಾಗಿ ನೋಡು.'

ಏನೂ ಇರಲಿಲ್ಲ. ಹಿಂದೆ ತಿರುಗಿಸಿದೆ, ಅಲ್ಲೂ ಇರಲಿಲ್ಲ. ಸಹಿ ಅಪ್ಪನದೇ, ಸ್ಪಷ್ಟವಾಗಿತ್ತು. ಕಾಳಮ್ಮ ನನ್ನ ಮುಖ ನೋಡಿದಳು. ಆ ಕಾಗದ ನಾನೇ ಬರೆದ ಹಾಗೆ ನನಗೆ ನಾಚಿಕೆಯಾಯಿತು. ಅವಳು ಕೂಸನ್ನು ಸೊಂಟ ಬದಲಿಸಿಕೊಂಡು ಹೊರಟಳು. ಉಳಿದವರೂ ಹೋದರು.

ಜನ ಕರಗಿದ ಮೇಲೆ ಅವ್ವ ಬೀದಿ ಕೋಣೆಗೆ ಹೋದಳು. ನಾನು ನಡುಮನೆಯ ಕಂಬಕ್ಕೆ ಒರಗಿ ನಿಂತೆ.

'ಐದನೇದು ಎಲ್ಲಿ ಓಯ್ತು?'

ಅಪ್ಪ ಹಾರ ತೆಗೆಯುತ್ತಾ ಇದ್ದರು. 'ನೋಡು ಸಾಕಮ್ಮ, ಸಾವ್ಕಾರ ಅಂದ, ಈ ನಾಕು ಇವತ್ತೇ ಕೊಡ್ತೀನಿ, ಐದಾದ್ರೆ ಒಂದೂ ಇಲ್ಲ ಅಂತ. ಜನ ಸೋತೋಗಿದ್ರು. ಸೆಡ್ಡು ಮುಂದಿನ ವರ್ಸ ನೋಡಾನ ಅಂದವ್ನೆ.'

'ಆ ಮಾತು ಆಡೋವಾಗ ಒಬ್ಳಾದ್ರೂ ಎಂಗ್ಸು ಅಲ್ಲಿದ್ಲಾ?'

'ಅಲ್ಲಿ ಎಂಗಸ್ರು ಯಾಕೆ ಬತ್ತಾರೆ?'

'ಬೇಯ್ಸಾಕೆ ಬತ್ತಾರೆ. ಹೊತ್ಕಂಡೋಗಿ ಬಡ್ಸಾಕೆ ಬತ್ತಾರೆ. ಮಾತಾಡಾಕೆ ಮಾತ್ರ ಬರಬಾರ್ದಾ?'

'ನಿಂಗೆ ಇದೆಲ್ಲ ಗೊತ್ತಾಗಲ್ಲ ಬುಡು' ಅಂದರು ಅಪ್ಪ. ನನ್ನ ಬಾಲ್ಯದಲ್ಲಿ ಅವರು ಆಡಿದ ಮಾತುಗಳಲ್ಲೆಲ್ಲ ನನಗೆ ಇವತ್ತಿಗೂ ಸಹಿಸಲಾಗದ್ದು ಅದು. ಅವ್ವ ತಿರುಗಿ ಅಡುಗೆಮನೆಗೆ ನಡೆದಳು. ಅಪ್ಪ ಜಗಳ ಮುಗಿಯಿತು ಅಂದುಕೊಂಡರು.

ಮಾರನೆಯ ದಿನ ನಾನು ಎದ್ದಾಗ ಬೆಂಚುಗಳು ಜಗಲಿಯ ಮೇಲಿದ್ದವು. ಬೀದಿ ಕೋಣೆ ಗುಡಿಸಿ ಸಾರಿಸಿತ್ತು. ತೊಲೆಗೆ ಅವ್ವನ ಹಳೇ ಸೀರೆಗಳು ಜೋಲಿಗಳಾಗಿ ನೇತಾಡುತ್ತಿದ್ದವು. ಹೊತ್ತು ಮೂಡುವಾಗ ಕಾಳಮ್ಮ ಬಂದು ತನ್ನ ಕೂಸನ್ನು ಒಂದರಲ್ಲಿ ಮಲಗಿಸಿ ಕೆಲಸಕ್ಕೆ ಹೋದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಒಟ್ಟು ಏಳು ಕೂಸು. ಅಪ್ಪ ಸ್ನಾನ ಮಾಡಿ ಟವಲು ಸುತ್ತಿಕೊಂಡು ಬಂದವರು ಬಾಗಿಲಲ್ಲೇ ನಿಂತರು.

'ಏನ್ಲೇ ಇದು?'

'ಸೆಡ್ಡು ಆಗಗಂಟ ಇಲ್ಲೇ ಇರ್ತವೆ.'

'ಸಂಘ ಎಲ್ಲಿ ಮಾಡದು?'

'ಮುಂದಿನ ವರ್ಸ ನೋಡಾನ' ಅಂದಳು ಅವ್ವ.

ಇದನ್ನು ಕೇಳಿ ನಗುವವರು ನಗಬಹುದು. ನನಗೆ ನಗು ಬರಲಿಲ್ಲ, ಯಾಕೆಂದರೆ ಕೂಸುಗಳನ್ನು ತೂಗುವ ಕೆಲಸ ನನ್ನ ಮೇಲೆ ಬಿತ್ತು. ಸ್ಕೂಲಿಗೆ ಮುಂಚೆ ಎರಡು ಗಂಟೆ, ಮಧ್ಯಾಹ್ನದ ಬಿಡುವಿನಲ್ಲಿ ಓಡಿಬಂದು ಒಂದು ಗಂಟೆ. ಒಂದು ಅತ್ತರೆ ಏಳೂ ಅಳುತ್ತಿದ್ದವು. ನನ್ನ ಲೆಕ್ಕದ ಪುಸ್ತಕದ ಮೇಲೆ ಒಂದು ಉಚ್ಚೆ ಹೊಯ್ದಿತು. ಸಂಘದ ಹಳೇ ಅರ್ಜಿಗಳಲ್ಲಿ ಅರ್ಧ ಹಾಗೆಯೇ ಹೋದವು. ಹಿತ್ತಿಲ ತಂತಿಯ ಮೇಲೆ ಸಂಘದ ಬಾವುಟಗಳ ಪಕ್ಕ ಕೂಸುಗಳ ಬಟ್ಟೆಗಳು ಒಣಗುತ್ತಿದ್ದವು. ಜಗಲಿಯ ಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತ ಗಂಡಸರು, 'ಲೀಡ್ರೇ, ಇದು ಸಂಘವಾ ಬಾಲವಾಡಿಯಾ?' ಅಂತ ಗೊಣಗುತ್ತಿದ್ದರು. ಒಂದು ದಿನ ತಡೆಯಲಾಗದೆ ನಾನು ಅವ್ವನ ಮುಂದೆ ಕಾಲು ಅಪ್ಪಳಿಸಿ, 'ನಂಗೆ ನಮ್ಮನೆ ಬೇಕು' ಅಂತ ಕೂಗಿದೆ. ಅವಳು ಒಂದು ಕೂಸಿಗೆ ಒಳಲೆಯಲ್ಲಿ ಹಾಲು ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

'ನಂಗೂ ಬೇಕು. ಮದ್ವೆ ಆದಾಗಿನಿಂದ ಕಾಯ್ತಾ ಇವ್ನಿ' ಅಂದಳು.

ಎರಡು ತಿಂಗಳು ಹೀಗೇ ನಡೆಯಿತು. ಒಂದು ಸೋಮವಾರ ಹಲಗೂರಿನಲ್ಲಿ ಮಾವನ ಹೆಂಡತಿಗೆ ಹುಷಾರಿಲ್ಲ ಅಂತ ಹೇಳಿಕಳಿಸಿದರು. ಅವ್ವ ಮೊದಲ ಬಸ್ಸಿಗೇ ಹೊರಟಳು. 'ಕೂಸುಗಳ ಗತಿ?' ಅಂದರು ಅಪ್ಪ. 'ನೀವು ಇದ್ದೀರಲ್ಲ' ಅಂದಳು. ನನಗೆ ಪರೀಕ್ಷೆ ಇತ್ತು, ನಾನೂ ಸ್ಕೂಲಿಗೆ ಹೋದೆ. ಸಂಜೆ ಬಂದು ನೋಡಿದರೆ ಅಪ್ಪ ಬೀದಿ ಕೋಣೆಯ ನಡುವೆ, ಬನಿಯನ್ನು ಒದ್ದೆಯಾಗಿ, ತಲೆಕೂದಲು ಕೆದರಿ, ಎರಡು ತೊಡೆಯ ಮೇಲೆ ಎರಡು ಕೂಸು ಇಟ್ಟುಕೊಂಡು, ಕಾಲ್ಬೆರಳಿಗೆ ಹಗ್ಗ ಕಟ್ಟಿ ಮೂರನೆಯದನ್ನು ತೂಗುತ್ತಾ ಕೂತಿದ್ದರು. ಮಧ್ಯಾಹ್ನ ಅವರು ಊಟ ಮಾಡಿರಲಿಲ್ಲ. ಬಡಿಸುವವರು ಯಾರೂ ಇರಲಿಲ್ಲ, ಎದ್ದು ಹೋಗಲು ಕೂಸುಗಳು ಬಿಟ್ಟಿರಲಿಲ್ಲ. ಒಂಬತ್ತು ದಿನದ ಮುಷ್ಕರದಲ್ಲೂ ಅವರ ಮುಖ ಅಷ್ಟು ಸೋತದ್ದನ್ನು ನಾನು ನೋಡಿರಲಿಲ್ಲ. ನನ್ನನ್ನು ನೋಡಿ ಒಂದೇ ಮಾತು ಹೇಳಿದರು.

'ನಾಳೆ ಮಿಲ್ ನಿಲ್ಸಾನ ಕಣವ್ವ.'

ಮಂಗಳವಾರ ಬೆಳಗ್ಗೆ ಜಗಲಿಯ ಮೇಲೆ ದೊಡ್ಡ ಗಲಾಟೆ. ಮೂಟೆ ಹೊರುವವರ ಹಿರಿಯ ಬೋರಣ್ಣ ಎದ್ದು ನಿಂತು, 'ಎಂಗಸ್ರ ನೆಳ್ಳಿಗೆ ನಮ್ಮ ಕೂಲಿ ಯಾಕೆ ಕಳ್ಕಬೇಕು ಲೀಡ್ರೇ? ಮುಗ್ದೋದ್ ಮಾತ್ನ ಯಾಕೆ ಎತ್ತೀರಿ?' ಅಂದ.

'ಮುಗ್ಸಿದ್ದು ನಾನು. ತಪ್ಪು ಮಾಡ್ದೆ' ಅಂದರು ಅಪ್ಪ. 'ನಿನ್ ಮೊಮ್ಮಗಳೂ ಅದೇ ಜೋಲೀಲಿ ಮಲಗದೆ ಕಣ್ಲಾ ಬೋರ. ಒಳಗೋಗಿ ನೋಡ್ಕಂಡ್ ಬಾ, ಆಮೇಲೆ ಮಾತಾಡು.'

ಬೋರಣ್ಣ ಒಳಗೆ ಹೋಗಲಿಲ್ಲ. ಅರ್ಧ ಜನ ಅವನ ಜೊತೆ ಎದ್ದು ಕೆಲಸಕ್ಕೆ ಹೋದರು. ಸಂಘ ನಮ್ಮ ಜಗಲಿಯ ಮೇಲೇ ಎರಡಾಯಿತು. ನಾಲ್ಕು ದಿನ ಮಿಲ್ಲು ಕುಂಟುತ್ತಾ ನಡೆಯಿತು. ಶನಿವಾರ ನನಗೆ ಅರ್ಧ ದಿನದ ಸ್ಕೂಲು. ಮನೆಗೆ ಬರುವ ಹೊತ್ತಿಗೆ ಅವ್ವ ಊರಿಂದ ವಾಪಸು ಬಂದಿದ್ದಳು. ಆಕಾಶದಲ್ಲಿ ಬೇಸಿಗೆ ಮಳೆಯ ಮೋಡ ಕಟ್ಟುತ್ತಿತ್ತು. ಅವ್ವ ಒಂದು ಕೂಸನ್ನು ನನ್ನ ಕಂಕುಳಿಗೆ ಕೊಟ್ಟು, ಎರಡನ್ನು ತಾನು ಎತ್ತಿಕೊಂಡು, ಉಳಿದವನ್ನು ಅಕ್ಕಪಕ್ಕದವರ ಕೈಗೆ ಹಂಚಿ, ಮಿಲ್ಲಿನ ಕಡೆ ನಡೆದಳು.

ಕಣದ ತುಂಬ ಭತ್ತ ಹರಡಿತ್ತು. ಬೆಳಗ್ಗೆ ಅದನ್ನು ಹರಡಿದ ಹೆಂಗಸರೇ ಈಗ ಕೆಲಸ ಬಿಟ್ಟು ಅಂಚಿನಲ್ಲಿ ಕೂತಿದ್ದರು, ಸುಮ್ಮನೆ. ನಾವು ಹೋಗಿ ಅವರವರ ಕೂಸನ್ನು ಅವರವರ ಮಡಿಲಿಗೆ ಹಾಕಿದೆವು. ಗುಡುಗು ಶುರುವಾಯಿತು. ಸಾಹುಕಾರರು ಆಫೀಸಿನಿಂದ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದರು.

'ಎತ್ರಮ್ಮ, ಎತ್ರಿ! ಮಳೆ ಬತ್ತಾ ಅದೆ, ಭತ್ತ ಎಲ್ಲ ನೆಂದೋಯ್ತದೆ!'

ಯಾರೂ ಏಳಲಿಲ್ಲ. ಅಪ್ಪ ಗೇಟಿನಿಂದ ಮುಂದೆ ಬಂದು ಗಂಟಲು ಸರಿಮಾಡಿಕೊಂಡರು. ಆಗ ಕಾಳಮ್ಮ ಅವರ ಕಡೆ ತಿರುಗಿದಳು.

'ಅಣ್ಣ, ನೀವು ಒಸಿ ಸುಮ್ಕಿರಿ.'

ಅಪ್ಪ ಸುಮ್ಮನಾದರು. ಜನರ ನಡುವೆ ನಿಂತು ಅವರು ಬಾಯಿ ಮುಚ್ಚಿದ್ದನ್ನು ನಾನು ಅದೇ ಮೊದಲು ನೋಡಿದ್ದು.

'ಬುದ್ಧಿ, ಸೆಡ್ಡು ಕಟ್ಸಿಕೊಡ್ತೀನಿ ಅಂತ ಬರ್ದುಕೊಡಿ' ಅಂದಳು ಕಾಳಮ್ಮ. 'ಸುಸೀಲಾ ಓದ್ಲಿ. ಆಮೇಲೆ ಎತ್ತೀವಿ.'

'ಮಳೆ ಬರೋ ಹೊತ್ನಲ್ಲಿ ಕಾಗದ ಎಲ್ಲಿ ತರಲಿ?'

'ಭತ್ತ ನಿಮ್ದು, ನಮ್ದೇನಲ್ಲ' ಅಂದಳು ಅವ್ವ.

ಕಾಗದ ಬಂತು. ಸಾಹುಕಾರರು ಮೊಣಕಾಲ ಮೇಲೆ ಇಟ್ಟುಕೊಂಡು ಬರೆದರು. ನಾನು ಜೋರಾಗಿ ಓದಿದೆ, ಸಹಿಯವರೆಗೆ, ದಪ್ಪ ಹನಿ ಬಿದ್ದು ಅಕ್ಷರ ಹರಡುವುದರೊಳಗೆ. ಕಾಳಮ್ಮ 'ಸರಿಯಾಗದಾ?' ಅಂದಳು. 'ಸರಿಯಾಗದೆ' ಅಂದೆ. ಹೆಂಗಸರು ಎದ್ದರು. ಆಮೇಲೆ ನಡೆದದ್ದು ಒಂದು ಜಾತ್ರೆ. ಹೆಂಗಸರು, ಅವ್ವ, ಅಪ್ಪ, ಕೊನೆಗೆ ಬೋರಣ್ಣನ ಕಡೆಯವರೂ ಬಂದು ಭತ್ತ ಗುಡ್ಡೆ ಮಾಡಿ ತಾಡಪಾಲು ಎಳೆದರು. ಒಂದು ಮೂಲೆ ನೆನೆಯಿತು. ಕಂಕುಳಲ್ಲಿ ಎರಡು ಕೂಸು ಹಿಡಿದು ಆಫೀಸಿನ ಸೂರಿನಡಿ ನಿಂತಿದ್ದ ನಾನೂ ನೆನೆದೆ.

ಹದಿನೈದು ದಿನದಲ್ಲಿ ಶೆಡ್ಡು ಎದ್ದಿತು. ನಾಲ್ಕು ಕಲ್ಲುಕಂಬ, ಮೇಲೆ ತಗಡು, ಪಕ್ಕದಲ್ಲಿ ನೀರಿನ ಹಂಡೆ. ಅಷ್ಟಕ್ಕೆ ಇಷ್ಟೆಲ್ಲ ಆಗಬೇಕಿತ್ತಾ ಅಂತ ನೋಡಿದವರಿಗೆ ಸಿಟ್ಟು ಬರುವಷ್ಟು ಸಣ್ಣದು. ಅದೇ ತಿಂಗಳು ಸಂಘದವರು ಕೂಡಿ ಅಪ್ಪನನ್ನು ಇಳಿಸಿ ಬೋರಣ್ಣನನ್ನು ಮುಖಂಡನನ್ನಾಗಿ ಮಾಡಿದರು. ಕಣದ ಹೆಂಗಸರನ್ನು ಆ ಸಭೆಗೆ ಯಾರೂ ಕರೆದಿರಲಿಲ್ಲ. ಅಪ್ಪ ಆವತ್ತು ಮಧ್ಯಾಹ್ನ ಒಬ್ಬರೇ ಊಟಕ್ಕೆ ಬಂದರು. ಅವ್ವ ಮುದ್ದೆ ಇಟ್ಟು ಸಾರು ಬಿಟ್ಟಳು. ಅವರು ಮುದ್ದೆ ಮುರಿಯದೆ ತಟ್ಟೆ ನೋಡುತ್ತಾ ಕೂತರು.

'ನೀನೇ ನನ್ನ ಸೋಲ್ಸಿದೆ ಕಣೆ.'

'ಊಂ' ಅಂದಳು ಅವ್ವ. 'ಉಣ್ಣಿ, ಆರೋಯ್ತದೆ.'

ಅಪ್ಪ ಉಂಡರು. ಇನ್ನೊಂದು ಮುದ್ದೆ ಕೇಳಿದರು. ಆ ವಯಸ್ಸಿನಲ್ಲಿ ನನಗೆ ಅದು ಜಗಳವೋ ರಾಜಿಯೋ ತಿಳಿಯಲಿಲ್ಲ. ಈಗಲೂ ಪೂರ್ತಿ ತಿಳಿದಿದೆ ಅಂತ ಹೇಳಲಾರೆ. ಮೂರು ವರ್ಷದ ಮೇಲೆ ಜನ ಅವರನ್ನೇ ಮತ್ತೆ ಕರೆದು ಕೂರಿಸಿದರು, ಬೀದಿ ಕೋಣೆಗೆ ಬೆಂಚುಗಳು ವಾಪಸು ಬಂದವು, ಮನೆಗೆ ಮತ್ತೆ ಅದೇ ಪಾಡು. ಒಂದು ಮಾತ್ರ ಬದಲಾಗಿತ್ತು. ಕಣದ ಹೆಂಗಸರು ಈಗ ಬೀದಿ ಬಾಗಿಲಿಂದಲೇ ಬರುತ್ತಿದ್ದರು, ಬೆಂಚಿನ ಮೇಲೇ ಕೂರುತ್ತಿದ್ದರು. ಅವರಿಗೂ ಅವ್ವನೇ ಮುದ್ದೆ ಕಟ್ಟಬೇಕಿತ್ತು ಅನ್ನುವುದು ಬೇರೆ ಮಾತು.

ಅಪ್ಪ ತೀರಿಕೊಂಡ ಹನ್ನೊಂದನೆಯ ದಿನ ಜಗಲಿಯ ಮೇಲೆ ಹಳಬರೆಲ್ಲ ಸೇರಿದ್ದರು. ಒಬ್ಬರಾದ ಮೇಲೆ ಒಬ್ಬರು ಅಪ್ಪನ ಗುಣ ಹೊಗಳಿದರು. ಹೆಂಗಸರಿಗೆ ಶೆಡ್ಡು ಕಟ್ಟಿಸಿಕೊಟ್ಟ ಪುಣ್ಯಾತ್ಮ ಅಂತ ಒಬ್ಬರು ಕಣ್ಣೊರೆಸಿಕೊಂಡರು. ನಾನು ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಹಲ್ಲು ಕಚ್ಚಿಕೊಂಡು ಅವ್ವನ ಕಡೆ ನೋಡಿದೆ. ಅವಳು ಸೆರಗು ಹೊದ್ದು ಗೋಡೆಗೆ ಒರಗಿದ್ದಳು, ಕೇಳಿಸಿತೋ ಇಲ್ಲವೋ. ಕೇಳಿಸಿಕೊಂಡವಳು ಅವಳ ಪಕ್ಕ ಕೂತಿದ್ದ ಕಾಳಮ್ಮ. ಆ ಹೊತ್ತಿಗೆ ಅವಳಿಗೂ ಹಲ್ಲು ಬಿದ್ದಿತ್ತು, ಕೂದಲು ನರೆತಿತ್ತು.

'ಬರೀ ಅಷ್ಟೇ ಯಾಕೆ ಹೇಳೀರಿ?' ಅಂದಳು ಜಗಲಿಗೆ ಕೇಳುವ ಹಾಗೆ. 'ಒಂದ್ಸಲ ನಮ್ಮನ್ನ ಕೈಬುಟ್ರು. ಆಮೇಲೆ ನಮ್ಗೋಸ್ಕರ ತಾವೇ ಸೋತ್ರು. ಹೇಳದಾದ್ರೆ ಎರಡ್ನೂ ಹೇಳಿ.'

ಜಗಲಿಯ ಮೇಲೆ ಯಾರೋ ಕೆಮ್ಮಿದರು. ಅವ್ವ ಕಾಳಮ್ಮನ ಕೈ ಹಿಡಿದುಕೊಂಡು, 'ಎದ್ದು ಬಾ, ಊಟಕ್ಕೆ ಮೊದಲು ನೀನು ಕೂತ್ಕ' ಅಂದಳು.